ಲಿವರಿನ ಕೀವು, ಗದ್ದೆಯ ಮಣ್ಣು

ಜುಲೈ ತಿಂಗಳಲ್ಲಿ ಕರಾವಳಿಯ ದೊಡ್ಡ ಆಸ್ಪತ್ರೆಗಳ ವಾರ್ಡುಗಳಲ್ಲಿ ಜ್ವರಕ್ಕೇನೂ ಬರವಿಲ್ಲ. ಡೆಂಗಿ, ಮಲೇರಿಯಾ, ಇಲಿಜ್ವರ, ಟೈಫಾಯ್ಡ್ ಎಲ್ಲವೂ ಒಂದೇ ಸಾಲಿನ ಮಂಚಗಳಲ್ಲಿ ಸಿಗುತ್ತವೆ. ಆ ಸಾಲಿಗೆ ಐವತ್ತು ದಾಟಿದ ಕೃಷಿಕನೊಬ್ಬನನ್ನು ಸೇರಿಸಿಕೊಂಡು ನೋಡಬಹುದು. ಮೂರು ವಾರದಿಂದ ಬಿಟ್ಟು ಬಿಟ್ಟು ಬರುವ ಜ್ವರ, ಸಂಜೆಯಾದರೆ ಚಳಿ. ಊಟ ಸೇರುವುದಿಲ್ಲ, ಬಲಗಡೆ ಪಕ್ಕೆಲುಬಿನ ಕೆಳಗೆ ಒತ್ತಿದರೆ ನೋವು. ಶುಗರ್ ಇದೆ, ಆದರೆ ಮಾತ್ರೆ ನುಂಗುವುದು ನೆನಪಾದಾಗ ಮಾತ್ರ. ಡೆಂಗಿ ಪರೀಕ್ಷೆ ನೆಗೆಟಿವ್, ಮಲೇರಿಯಾ ನೆಗೆಟಿವ್. ಹೊಟ್ಟೆಯ ಸ್ಕ್ಯಾನಿಂಗ್ ಮಾಡಿಸಿದಾಗ ಲಿವರಿನೊಳಗೆ ಕೀವು ಕಟ್ಟಿರುವುದು ಕಾಣುತ್ತದೆ.

ಲಿವರಿನಲ್ಲಿ ಕೀವು ಕಟ್ಟುವುದು ನಮ್ಮ ವೈದ್ಯರಿಗೆ ಹೊಸದೇನಲ್ಲ. ಭಾರತದಲ್ಲಿ ಇದಕ್ಕೆ ಮೊದಲ ಸಂಶಯ ಬೀಳುವುದು ಅಮೀಬಾದ ಮೇಲೆ. ಕಲುಷಿತ ನೀರಿನಿಂದ ಕರುಳಿಗೆ, ಕರುಳಿನಿಂದ ರಕ್ತದ ಮೂಲಕ ಲಿವರಿಗೆ ಹೋಗುವ ಆ ಜೀವಿಗೆ ಮೆಟ್ರೊನಿಡಜೋಲ್ ಎಂಬ ಅಗ್ಗದ ಮದ್ದು ಸಾಕು. ಅದಲ್ಲದಿದ್ದರೆ ಇ. ಕೋಲೈ ಅಥವಾ ಕ್ಲೆಬ್ಸಿಯೆಲ್ಲಾ ಇರಬಹುದೆಂದು ಜೊತೆಗೊಂದು ಸೆಫ್ಟ್ರಿಯಾಕ್ಸೋನ್ ಇಂಜೆಕ್ಷನ್ನೂ ಶುರುವಾಗುತ್ತದೆ. ಈ ಜೋಡಿಗೆ ಹೆಚ್ಚಿನ ರೋಗಿಗಳು ಗುಣವಾಗುತ್ತಾರೆ, ಆದ್ದರಿಂದ ಹಾಗೆ ಶುರು ಮಾಡುವುದು ತಪ್ಪಲ್ಲ. ತೊಡಕಿರುವುದು ಗುಣವಾಗದ ಕೆಲವರಲ್ಲಿ. ವಾರ ಕಳೆದರೂ ಜ್ವರ ಇಳಿಯುವುದಿಲ್ಲ. ಮತ್ತೆ ಸ್ಕ್ಯಾನ್ ಮಾಡಿದರೆ ಗುಲ್ಮದಲ್ಲೂ ಸಣ್ಣ ಸಣ್ಣ ಕೀವುಗುಳ್ಳೆಗಳು, ಎದೆಯ ಎಕ್ಸ್‌ರೇಯಲ್ಲಿ ಒಂದು ಮಸುಕು ಕಲೆ.

ಅಂಥವರಲ್ಲಿ ನೆನಪಾಗಬೇಕಾದ ಕಾಯಿಲೆಯ ಹೆಸರು ಮೆಲಿಯಾಯ್ಡೋಸಿಸ್. ಅದನ್ನು ತರುವ ಬ್ಯಾಕ್ಟೀರಿಯ ಬರ್ಖೋಲ್ಡೇರಿಯಾ ಸೂಡೋಮಲ್ಲೈ. ಅದು ಇರುವುದು ಮಣ್ಣಿನಲ್ಲಿ ಮತ್ತು ನಿಂತ ನೀರಿನಲ್ಲಿ, ಅದರಲ್ಲೂ ಉಷ್ಣವಲಯದ ಭತ್ತದ ಗದ್ದೆಗಳಲ್ಲಿ. ಬೇಸಿಗೆಯಲ್ಲಿ ನೆಲದ ಆಳದ ತೇವದಲ್ಲಿ ಅಡಗಿದ್ದು, ಮಳೆ ಬಿದ್ದು ಮಣ್ಣು ನೆನೆದಾಗ ಮೇಲಿನ ಪದರಕ್ಕೆ ಬರುತ್ತದೆ. ಇದರ ಗಟ್ಟಿತನ ಎಷ್ಟೆಂದರೆ, ಥಾಯ್ಲೆಂಡಿನ ಪ್ರಯೋಗಾಲಯವೊಂದರಲ್ಲಿ ಬರಿಯ ಬಟ್ಟಿಯಿಳಿಸಿದ ನೀರಿನಲ್ಲಿ, ಯಾವ ಆಹಾರವೂ ಇಲ್ಲದೆ, 16 ವರ್ಷ ಬದುಕಿಕೊಂಡಿತ್ತು.

ಇದನ್ನು ಮೊದಲು ಗುರುತಿಸಿದ್ದು ಅಂದಿನ ಬ್ರಿಟಿಷ್ ಇಂಡಿಯಾದ ಭಾಗವೇ ಆಗಿದ್ದ ರಂಗೂನಿನಲ್ಲಿ. 1911ರಲ್ಲಿ ಅಲ್ಲಿನ ಆಸ್ಪತ್ರೆಯ ಪೆಥಾಲಜಿಸ್ಟ್ ಆಲ್ಫ್ರೆಡ್ ವಿಟ್‌ಮೋರ್ ಮತ್ತು ಅವರ ಸಹಾಯಕ ಸಿ. ಎಸ್. ಕೃಷ್ಣಸ್ವಾಮಿ ಮರಣೋತ್ತರ ಪರೀಕ್ಷೆ ಮಾಡುವಾಗ ಕೆಲವು ಶವಗಳ ಶ್ವಾಸಕೋಶ, ಲಿವರ್, ಗುಲ್ಮಗಳಲ್ಲಿ ವಿಚಿತ್ರವಾದ ಕೀವುಗುಳ್ಳೆಗಳನ್ನು ಕಂಡರು. ಸತ್ತವರಲ್ಲಿ ಹಲವರು ದಿಕ್ಕಿಲ್ಲದೆ ಬೀದಿಯಲ್ಲಿದ್ದವರು, ಮಾರ್ಫಿಯ ಚುಚ್ಚಿಕೊಳ್ಳುವ ಚಟವಿದ್ದವರು. ನೋಡಲು ಇದು ಕುದುರೆಗಳಿಂದ ಬರುವ ಗ್ಲ್ಯಾಂಡರ್ಸ್ ರೋಗದಂತಿತ್ತು. ಆದರೆ ಇವರಿಗೆ ಕುದುರೆಯ ಸಂಪರ್ಕವೇ ಇರಲಿಲ್ಲ. ಕಲ್ಚರ್ ಮಾಡಿದಾಗ, ಅಂದರೆ ಲ್ಯಾಬಿನಲ್ಲಿ ಬೆಳೆಸಿ ನೋಡಿದಾಗ, ಬ್ಯಾಕ್ಟೀರಿಯ ಬೇಗ ಬೆಳೆಯಿತು, ಸೂಕ್ಷ್ಮದರ್ಶಕದ ಕೆಳಗೆ ಓಡಾಡುವುದೂ ಕಂಡಿತು. ಗ್ಲ್ಯಾಂಡರ್ಸಿನದು ಓಡಾಡುವುದಿಲ್ಲ. ಇಷ್ಟು ಸಾಕಾಯಿತು, ಇದು ಬೇರೆಯೇ ರೋಗವೆಂದು 1912ರಲ್ಲಿ ಇಬ್ಬರೂ ಸೇರಿ ‘ಇಂಡಿಯನ್ ಮೆಡಿಕಲ್ ಗೆಜೆಟ್’ನಲ್ಲಿ ಬರೆದರು. ಆ ಬಳಿಕ ಬಹುಕಾಲ ಪುಸ್ತಕಗಳು ಇದನ್ನು ‘ವಿಟ್‌ಮೋರ್ ಕಾಯಿಲೆ’ ಎಂದೇ ಕರೆದವು. ಕೃಷ್ಣಸ್ವಾಮಿ 1917ರಲ್ಲಿ ಒಬ್ಬರೇ ಇನ್ನೊಂದು ಲೇಖನ ಬರೆದರೂ ಅವರ ಹೆಸರು ಕಾಯಿಲೆಗೆ ಅಂಟಲಿಲ್ಲ. ಸಹಾಯಕರ ಪಾಡು ಯಾವ ಕಾಲದಲ್ಲೂ ಅಷ್ಟೇ.

ಅವರಿಬ್ಬರ ನಂತರ ಬರ್ಮಾದಿಂದ ಈ ರೋಗದ ವರದಿಗಳು ದಶಕಗಳ ಕಾಲ ಹೆಚ್ಚೂ ಕಡಿಮೆ ನಿಂತೇಹೋದವು. ರೋಗ ಹೋಗಿರಲಿಲ್ಲ, ಹುಡುಕುವವರು ಹೋಗಿದ್ದರು. ಇಡೀ ವಿಷಯದ ತಿರುಳು ಇಲ್ಲೇ ಇದೆ. ‘ಅಪರೂಪ’ ಎಂಬ ಹಣೆಪಟ್ಟಿ ಈ ಕಾಯಿಲೆಗೆ ಅರ್ಧ ಅದರ ಸ್ವಭಾವದಿಂದ ಬಂದದ್ದು, ಇನ್ನರ್ಧ ನೋಡುವವರ ಅಭ್ಯಾಸದಿಂದ. ಭಾರತದ ರೋಗಿಯೊಬ್ಬರ ಬಗ್ಗೆ ವೈದ್ಯಕೀಯ ಪತ್ರಿಕೆಯಲ್ಲಿ ವರದಿ ಬಂದದ್ದು 1991ರಲ್ಲಿ, ಮುಂಬೈಯಿಂದ. ಆ ಮೇಲೆ ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜು, ಮಣಿಪಾಲದ ಕಸ್ತೂರ್ಬಾ ಮೆಡಿಕಲ್ ಕಾಲೇಜುಗಳ ಮೈಕ್ರೊಬಯಾಲಜಿ ವಿಭಾಗಗಳು ಹುಡುಕಲು ಕೂತವು. ಹುಡುಕಿದಲ್ಲೆಲ್ಲ ಸಿಗತೊಡಗಿತು. ಉಡುಪಿ ಸುತ್ತಮುತ್ತಲಿನ ಪ್ರಕರಣಗಳು ಮಳೆಯ ಜೊತೆಗೇ ಏರುತ್ತವೆ, ಹೆಚ್ಚಿನವು ಮುಂಗಾರಿನ ತಿಂಗಳುಗಳಲ್ಲಿ ಬರುತ್ತವೆ ಎಂದು ತೋರಿಸಿಕೊಟ್ಟದ್ದು ಮಣಿಪಾಲದ ಡಾ. ಚಿರಂಜಯ್ ಮುಖೋಪಾಧ್ಯಾಯ ಮತ್ತು ಅವರ ಸಂಗಡಿಗರ ಕೆಲಸ. 2016ರಲ್ಲಿ ಅಂತಾರಾಷ್ಟ್ರೀಯ ಸಂಶೋಧಕರ ತಂಡವೊಂದು ಲೆಕ್ಕಹಾಕಿದ ಪ್ರಕಾರ ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 1,65,000 ಮಂದಿಗೆ ಈ ಸೋಂಕು ತಗಲುತ್ತದೆ, ಸುಮಾರು 89,000 ಮಂದಿ ಸಾಯುತ್ತಾರೆ. ಅದರಲ್ಲಿ ದಕ್ಷಿಣ ಏಷ್ಯಾದ ಪಾಲು ಶೇ. 44. ಇದು ಗಣಿತದ ಮಾದರಿಯಿಂದ ಬಂದ ಅಂದಾಜೇ ಹೊರತು ತಲೆ ಎಣಿಸಿದ್ದಲ್ಲ. ಹಾಗಿದ್ದರೂ ಭಾರತದಲ್ಲಿ ದಾಖಲಾಗುವ ಪ್ರಕರಣಗಳು ಈ ಅಂದಾಜಿನ ಹತ್ತಿರಕ್ಕೂ ಬರುವುದಿಲ್ಲ.

ಮಣ್ಣಿನಲ್ಲಿದ್ದದ್ದು ಲಿವರಿಗೆ ಹೋಗುವುದು ಹೇಗೆ? ದಾರಿ ಮೂರು. ಅಂಗಾಲಿನ ಒಡಕು, ಹಿಮ್ಮಡಿಯ ಗಾಯದ ಮೂಲಕ ಒಳಹೊಗುವುದು ಮಾಮೂಲಿನದು. ಬಿರುಗಾಳಿ ಮಳೆಯಲ್ಲಿ ತುಂತುರಿನ ಜೊತೆ ಉಸಿರಿಗೆ ಸೇರುವುದು ಎರಡನೆಯದು. ಶುದ್ಧೀಕರಿಸದ ನೀರು ಕುಡಿಯುವುದು ಮೂರನೆಯದು. ಒಳಗೆ ಬಂದ ಮೇಲೆ ರಕ್ತದಲ್ಲಿ ತೇಲಿ ಎಲ್ಲಿ ಬೇಕಾದರೂ ನೆಲೆಸುತ್ತದೆ. ಹೆಚ್ಚಿನ ಸಲ ಶ್ವಾಸಕೋಶ, ಬಳಿಕ ಲಿವರ್ ಮತ್ತು ಗುಲ್ಮ, ಕೆಲವರಲ್ಲಿ ಮೂಳೆ, ಕೀಲು, ಮೆದುಳು. ಊರಿಂದೂರಿಗೆ ಇದರ ಚಾಳಿಯೂ ಬೇರೆ. ಥಾಯ್ಲೆಂಡಿನ ಮಕ್ಕಳಲ್ಲಿ ಕೆನ್ನೆಯ ಬುಡದ ಜೊಲ್ಲಿನ ಗ್ರಂಥಿ ಬಾತುಕೊಳ್ಳುತ್ತದೆ, ಉತ್ತರ ಆಸ್ಟ್ರೇಲಿಯಾದ ಗಂಡಸರಲ್ಲಿ ಪ್ರಾಸ್ಟೇಟ್ ಗ್ರಂಥಿಯಲ್ಲಿ ಕೀವು ಕಟ್ಟುತ್ತದೆ.

ಗದ್ದೆಗಿಳಿದವರಿಗೆಲ್ಲ ಕಾಯಿಲೆ ಬರುವುದಾದರೆ ಕರಾವಳಿಯಲ್ಲಿ ಯಾರೂ ಉಳಿಯುತ್ತಿರಲಿಲ್ಲ. ಆರೋಗ್ಯವಂತ ದೇಹ ಇದನ್ನು ಬಹುಪಾಲು ಸದ್ದಿಲ್ಲದೆ ಮುಗಿಸುತ್ತದೆ. ದಾರಿ ಬಿಟ್ಟುಕೊಡುವುದು ಸಕ್ಕರೆ ಕಾಯಿಲೆ. ರಕ್ತದಲ್ಲಿ ಸಕ್ಕರೆ ಏರಿದಾಗ ಸೋಂಕಿನ ವಿರುದ್ಧ ಮೊದಲು ಧಾವಿಸಬೇಕಾದ ಬಿಳಿರಕ್ತಕಣಗಳು ಜಡವಾಗುತ್ತವೆ. ಹೆಚ್ಚಿನ ದೇಶಗಳ ಅಂಕಿಅಂಶಗಳಲ್ಲಿ ಮೆಲಿಯಾಯ್ಡೋಸಿಸ್ ಬಂದವರಲ್ಲಿ ಸುಮಾರು ಅರ್ಧ ಅಥವಾ ಅದಕ್ಕಿಂತ ಹೆಚ್ಚು ಮಂದಿ ಮಧುಮೇಹಿಗಳೇ. ಅತಿಯಾದ ಕುಡಿತ, ಕಿಡ್ನಿಯ ತೊಂದರೆ, ಹಳೆಯ ಶ್ವಾಸಕೋಶದ ಕಾಯಿಲೆ, ಥಲಸ್ಸೀಮಿಯಾ, ಬಹುಕಾಲದ ಸ್ಟೆರಾಯ್ಡ್ ಸೇವನೆ ನಂತರದ ಕಾರಣಗಳು. ಗದ್ದೆ ಮೊದಲೂ ಇತ್ತು, ಮಳೆಯೂ ಇತ್ತು. ಗದ್ದೆಗಿಳಿಯುವವರಲ್ಲಿ ಶುಗರ್ ಇಷ್ಟೊಂದು ಇರಲಿಲ್ಲ.

ಇನ್ನು ಪತ್ತೆಯ ಮಾತು. ಲಿವರಿನ ಸಿ.ಟಿ. ಸ್ಕ್ಯಾನ್ ಒಂದು ಸುಳಿವು ಕೊಡುತ್ತದೆ. ಅಮೀಬಾದ ಕೀವು ಸಾಮಾನ್ಯವಾಗಿ ಒಂದೇ ದೊಡ್ಡ ಗುಳ್ಳೆ. ಮೆಲಿಯಾಯ್ಡೋಸಿಸಿನಲ್ಲಿ ಗುಳ್ಳೆಯೊಳಗೆ ತೆಳ್ಳನೆಯ ಗೋಡೆಗಳು ಎದ್ದು ಅನೇಕ ಸಣ್ಣ ಕೋಣೆಗಳಾಗಿರುತ್ತವೆ. ರೇಡಿಯಾಲಜಿಸ್ಟರು ಇದನ್ನು ಜೇನುಹುಟ್ಟಿನ ಚಿಹ್ನೆ ಎನ್ನುತ್ತಾರೆ. ಮಧುಮೇಹಿಯ ಲಿವರಿನಲ್ಲಿ ಹೀಗೆ ಕಂಡು, ಜೊತೆಗೆ ಗುಲ್ಮದಲ್ಲೂ ಗುಳ್ಳೆಗಳಿದ್ದರೆ ಕರಾವಳಿಯ ಅನುಭವಿ ವೈದ್ಯರು ಕಲ್ಚರ್ ವರದಿಗೆ ಕಾಯದೆ ಚಿಕಿತ್ಸೆ ಬದಲಿಸುತ್ತಾರೆ. ಆದರೂ ಚಿತ್ರವೊಂದೇ ಸಾಲದು, ಕ್ಲೆಬ್ಸಿಯೆಲ್ಲಾ ಕೂಡ ಹೀಗೇ ಕಾಣಬಲ್ಲದು.

ದಾರಿ ತಪ್ಪಿಸುವ ಇನ್ನೊಂದು ವೇಷ ಟಿ.ಬಿ.ಯದು. ತಿಂಗಳಾನುಗಟ್ಟಲೆ ಜ್ವರ, ಇಳಿಯುತ್ತಿರುವ ತೂಕ, ಶ್ವಾಸಕೋಶದ ಮೇಲ್ಭಾಗದಲ್ಲಿ ಕಲೆ. ಸೂಜಿ ಹಾಕಿ ತುಣುಕು ತೆಗೆದರೆ ಟಿ.ಬಿ.ಯಲ್ಲಿ ಕಾಣುವಂಥ ಗ್ರಾನ್ಯುಲೋಮಾಗಳೇ ಇಲ್ಲೂ ಕಾಣಬಹುದು. ಟಿ.ಬಿ. ಇಷ್ಟು ಹರಡಿರುವ ದೇಶದಲ್ಲಿ ಅದರ ಮಾತ್ರೆ ಶುರು ಮಾಡಲು ಇದಕ್ಕಿಂತ ಹೆಚ್ಚಿನ ಸಾಕ್ಷಿ ಯಾರೂ ಕೇಳುವುದಿಲ್ಲ. ರೋಗಿ ತಿಂಗಳುಗಟ್ಟಲೆ ಆ ಮಾತ್ರೆ ನುಂಗುತ್ತಾನೆ, ಲಿವರಿನ ಕೀವು ಹಾಗೇ ಇರುತ್ತದೆ.

ನಿಜವಾದ ತೀರ್ಮಾನ ಆಗಬೇಕಾದದ್ದು ಲ್ಯಾಬಿನಲ್ಲಿ. ಅದಕ್ಕೆ ಮೊದಲ ಷರತ್ತು ಬಹಳ ಸರಳವಾದದ್ದು: ತೆಗೆದ ಕೀವನ್ನು ಕಲ್ಚರಿಗೆ ಕಳಿಸಬೇಕು. ಲಿವರಿಗೆ ಸೂಜಿ ಹಾಕಿ ಕೀವು ಹೀರಿ ತೆಗೆದು, ಬಣ್ಣ ನೋಡಿ ‘ಅಮೀಬಾ’ ಎಂದು ಬರೆದು, ಉಳಿದದ್ದನ್ನು ಚೆಲ್ಲಿದರೆ ಅಲ್ಲಿಗೆ ಕಥೆ ಮುಗಿಯಿತು. ಕೀವಷ್ಟೇ ಅಲ್ಲ, ರಕ್ತ, ಮೂತ್ರ, ಕಫ, ಗಂಟಲಿನ ದ್ರವ ಎಲ್ಲವನ್ನೂ ಕಳಿಸಬೇಕೆಂಬುದು ಈ ರೋಗದ ತಜ್ಞರ ಮಾತು. ಯಾಕೆಂದರೆ ಕಲ್ಚರೂ ಪೂರ್ತಿ ನಂಬಿಕಸ್ಥನಲ್ಲ. ರೋಗವಿರುವ ಹತ್ತು ಮಂದಿಯಲ್ಲಿ ಆರು ಮಂದಿಯಲ್ಲಷ್ಟೇ ಅದು ಬ್ಯಾಕ್ಟೀರಿಯವನ್ನು ಹಿಡಿಯುತ್ತದೆ.

ಎರಡನೆಯ ಷರತ್ತು ಕಲ್ಚರ್ ಬೆಳೆಸಿದ ಪ್ಲೇಟನ್ನು ನೋಡುವ ಕಣ್ಣಿನದು. ಮೊದಲ ದಿನ ಬ್ಯಾಕ್ಟೀರಿಯದ ಕಾಲೊನಿಗಳು ನುಣ್ಣಗೆ, ಸಾದಾ ಸಾದಾ ಇರುತ್ತವೆ. ಆಸ್ಪತ್ರೆಗಳ ಸಿಂಕಿನಲ್ಲೂ ಸಿಗುವ ಸೂಡೊಮೊನಾಸ್ ಎಂದೋ, ಗಾಳಿಯಿಂದ ಬಂದು ಬಿದ್ದ ಕಸವೆಂದೋ ತಿಳಿದು ಪ್ಲೇಟನ್ನು ಎಸೆಯುವುದು ಸುಲಭ. ಎರಡು ಮೂರು ದಿನ ಇಟ್ಟರೆ ಅವೇ ಕಾಲೊನಿಗಳು ಒಣಗಿ ಸುಕ್ಕುಗಟ್ಟುತ್ತವೆ. ಗ್ರಾಂ ಬಣ್ಣ ಹಾಕಿದರೆ ಬ್ಯಾಕ್ಟೀರಿಯದ ಎರಡು ತುದಿಗಳು ಗಾಢವಾಗಿ, ನಡುಭಾಗ ಖಾಲಿಯಾಗಿ ಕಾಣುತ್ತದೆ. ಲ್ಯಾಬಿನವರು ಇದಕ್ಕೆ ಸೇಫ್ಟಿಪಿನ್ ಎನ್ನುತ್ತಾರೆ. ಇದಕ್ಕೆಂದೇ ತಯಾರಾದ ಆಶ್‌ಡೌನ್ ಎಂಬ ಮಾಧ್ಯಮದಲ್ಲಿ ಬೆಳೆಸಿದರೆ ನೇರಳೆ ಬಣ್ಣದ ಸುಕ್ಕು ಕಾಲೊನಿಗಳು ಬರುತ್ತವೆ.

ದುಬಾರಿ ಯಂತ್ರವಿಲ್ಲದ ಜಿಲ್ಲಾ ಆಸ್ಪತ್ರೆಯೂ ಮಾಡಬಹುದಾದ ಪರೀಕ್ಷೆಯೊಂದಿದೆ. ಪ್ಲೇಟಿನ ಮೇಲೆ ಮೂರು ಔಷಧಗಳ ಬಿಲ್ಲೆಗಳನ್ನು ಇಡುವುದು: ಜೆಂಟಾಮೈಸಿನ್, ಕೊಲಿಸ್ಟಿನ್ ಅಥವಾ ಪಾಲಿಮಿಕ್ಸಿನ್, ಮತ್ತು ಅಮಾಕ್ಸಿಸಿಲಿನ್-ಕ್ಲಾವುಲನೇಟ್. ಗಟ್ಟಿ ಔಷಧಗಳೆನಿಸಿಕೊಂಡ ಮೊದಲೆರಡಕ್ಕೆ ಬ್ಯಾಕ್ಟೀರಿಯ ಜಗ್ಗದೆ ಬೆಳೆಯುತ್ತದೆ, ಸಾಮಾನ್ಯವಾದ ಮೂರನೆಯದರ ಸುತ್ತ ಸಾಯುತ್ತದೆ. ಈ ತಲೆಕೆಳಗಾದ ನಡವಳಿಕೆ ಕಂಡರೆ ಲ್ಯಾಬಿನವರು ಕೂಡಲೇ ವಾರ್ಡಿಗೆ ಫೋನು ಮಾಡಬೇಕು. ಇದಕ್ಕೆ ಅಪವಾದವೂ ಉಂಟು: ಮಲೇಷ್ಯಾದ ಸರವಾಕ್‌ನಲ್ಲಿ ಸಿಗುವ ತಳಿಗಳಲ್ಲಿ ಹಲವು ಜೆಂಟಾಮೈಸಿನ್‌ಗೆ ಬಗ್ಗುತ್ತವೆ. ಬ್ಯಾಕ್ಟೀರಿಯಗಳಿಗೆ ಪಠ್ಯಪುಸ್ತಕ ಓದುವ ಹಂಗಿಲ್ಲ. ಈಗ ಗರ್ಭಪರೀಕ್ಷೆಯ ಪಟ್ಟಿಯನ್ನು ಹೋಲುವ ಪಟ್ಟಿ ಪರೀಕ್ಷೆಯೂ ಬಂದಿದೆ. ಬ್ಯಾಕ್ಟೀರಿಯದ ಹೊರಕವಚದ ಸಕ್ಕರೆಯ ಅಂಶವನ್ನು ಅದು ಸುಮಾರು ಕಾಲು ಗಂಟೆಯಲ್ಲಿ ಹಿಡಿಯುತ್ತದೆ. ಪ್ರಯೋಗಾಲಯದವರಿಗೆ ಒಂದು ಎಚ್ಚರಿಕೆ: ಈ ಕಾಲೊನಿಗಳಿಗೆ ಮಣ್ಣಿನ ವಾಸನೆ ಇರುತ್ತದೆಂದು ಪುಸ್ತಕಗಳಲ್ಲಿ ಬರೆದಿದೆ, ಪ್ಲೇಟನ್ನು ಮೂಗಿಗೆ ಹಿಡಿದು ಅದನ್ನು ಪರೀಕ್ಷಿಸಲು ಹೋಗಬಾರದು.

ಚಿಕಿತ್ಸೆಯ ಇತಿಹಾಸದಲ್ಲಿ 1989 ಒಂದು ತಿರುವು. ಅದಕ್ಕೆ ಮೊದಲು ಕ್ಲೋರಾಂಫೆನಿಕಾಲ್, ಡಾಕ್ಸಿಸೈಕ್ಲಿನ್, ಕೋ-ಟ್ರೈಮೊಕ್ಸಜೋಲ್‌ಗಳನ್ನು ಒಟ್ಟಿಗೆ ಕೊಡುತ್ತಿದ್ದರು. ಈಶಾನ್ಯ ಥಾಯ್ಲೆಂಡಿನ ಉಬೊನ್ ರಚಥಾನಿಯ ಆಸ್ಪತ್ರೆಯಲ್ಲಿ ನಿಕೊಲಸ್ ವೈಟ್ ಮತ್ತು ಥಾಯ್ ವೈದ್ಯರು ಈ ಹಳೆಯ ಪದ್ಧತಿಯನ್ನು ಸೆಫ್ಟಜಿಡೈಮ್ ಎಂಬ ಇಂಜೆಕ್ಷನ್ನಿನ ಎದುರು ನಿಲ್ಲಿಸಿ ನೋಡಿದರು. ತೀವ್ರ ರೋಗದಲ್ಲಿ ಹಳೆಯ ಔಷಧಗಳಡಿ ನೂರಕ್ಕೆ 74 ಮಂದಿ ಸತ್ತರೆ, ಸೆಫ್ಟಜಿಡೈಮ್‌ನಲ್ಲಿ 37 ಮಂದಿ. ಸಾವು ಸರಿಯಾಗಿ ಅರ್ಧಕ್ಕಿಳಿಯಿತು. ಅಲ್ಲಿಂದ ಇಂದಿನವರೆಗೂ ಸೆಫ್ಟಜಿಡೈಮೇ ಮೊದಲ ಆಯ್ಕೆ. ಐ.ಸಿ.ಯು. ಸೇರಿದವರಿಗೆ ಮೆರೊಪೆನೆಮ್.

ನಮ್ಮ ವಾರ್ಡುಗಳಲ್ಲಿ ಧಾರಾಳವಾಗಿ ಬಳಕೆಯಾಗುವ ಸೆಫ್ಟ್ರಿಯಾಕ್ಸೋನ್ ಇದೇ ಕುಟುಂಬದ ಔಷಧ. ಲ್ಯಾಬಿನ ಬಿಲ್ಲೆಯಲ್ಲಿ ಅದೂ ಕೆಲಸ ಮಾಡಿದಂತೆ ಕಾಣಬಹುದು, ಆದರೆ ರೋಗಿಯಲ್ಲಿ ಸೆಫ್ಟಜಿಡೈಮ್‌ನಷ್ಟು ನೆಚ್ಚುವಂಥದ್ದಲ್ಲ. ಒಂದೇ ಥರ ಶುರುವಾಗುವ ಎರಡು ಹೆಸರುಗಳ ನಡುವೆ ಬದುಕು ಸಾವಿನ ಅಂತರವಿದೆ.

ಲಿವರಿನ ಕೀವಿಗೆ ಇಂಜೆಕ್ಷನ್ ಎಷ್ಟು ದಿನ? ಆಸ್ಟ್ರೇಲಿಯಾದ ಡಾರ್ವಿನ್ ನಗರದ ವೈದ್ಯರು ಬಳಸುವ ನಿಯಮದಲ್ಲಿ ಕನಿಷ್ಠ ನಾಲ್ಕು ವಾರ. ನಡುವೆ ಕೀವು ತೆಗೆದಾಗ ಅದರಲ್ಲಿ ಮತ್ತೆ ಬ್ಯಾಕ್ಟೀರಿಯ ಬೆಳೆದರೆ ಎಣಿಕೆ ಆ ದಿನದಿಂದ ಹೊಸದಾಗಿ ಶುರು. ದೊಡ್ಡ ಗುಳ್ಳೆಯಿದ್ದರೆ ನಳಿಗೆ ಹಾಕಿ ಬಸಿಯುತ್ತಾರೆ. ಸಣ್ಣಪುಟ್ಟವು ಹಲವಿದ್ದರೆ ಸೂಜಿಯ ಗೊಡವೆಗೆ ಹೋಗದೆ ಔಷಧಕ್ಕೇ ಬಿಡುತ್ತಾರೆ. ರೋಗಿಯ ಮನೆಯವರೂ, ಕೆಲವೊಮ್ಮೆ ಕಿರಿಯ ವೈದ್ಯರೂ ಧೈರ್ಯಗೆಡುವ ಘಟ್ಟ ಒಂದಿದೆ. ಸರಿಯಾದ ಔಷಧ ಶುರುವಾದ ಮೇಲೂ ಜ್ವರ ಇಳಿಯಲು ಸರಾಸರಿ ಒಂಬತ್ತು ದಿನ ಬೇಕು, ಒಳಗೆ ಕೀವಿದ್ದರೆ ಇನ್ನೂ ಹೆಚ್ಚು. ಐದನೆಯ ದಿನ ಜ್ವರ ನೋಡಿ ಔಷಧ ಬದಲಿಸುವುದು ಅವಸರವಾಗುತ್ತದೆ. ಬ್ಯಾಕ್ಟೀರಿಯ ನಮ್ಮ ಜೀವಕೋಶಗಳ ಒಳಗೇ ಮನೆ ಮಾಡಿಕೊಂಡಿರುವುದೂ ಈ ನಿಧಾನಕ್ಕೆ ಒಂದು ಕಾರಣ. ಪಕ್ಕದ ಕೋಶಗಳನ್ನು ಒಂದಕ್ಕೊಂದು ಬೆಸೆದು, ಹೊರಗೆ ತಲೆಹಾಕದೆಯೇ ಒಂದರಿಂದ ಇನ್ನೊಂದಕ್ಕೆ ದಾಟಿಕೊಳ್ಳುವ ಚಾತುರ್ಯ ಅದಕ್ಕಿದೆ.

ಆಸ್ಪತ್ರೆ ಬಿಟ್ಟ ದಿನ ಗುಣವಾಯಿತೆಂದು ಎಲ್ಲರಿಗೂ ಅನಿಸುತ್ತದೆ. ಅಲ್ಲಿಂದ ಮುಂದೆ ಕೋ-ಟ್ರೈಮೊಕ್ಸಜೋಲ್ ಮಾತ್ರೆ ದಿನಕ್ಕೆರಡು ಹೊತ್ತು, ಕನಿಷ್ಠ ಮೂರು ತಿಂಗಳು. ಮೂಳೆ ಅಥವಾ ಮೆದುಳಿಗೆ ತಗಲಿದ್ದರೆ ಆರು ತಿಂಗಳು. ಇದು ಹಳೆಯ, ಅಗ್ಗದ, ಹಳ್ಳಿಯ ಮೆಡಿಕಲ್ ಶಾಪಿನಲ್ಲೂ ಸಿಗುವ ಮಾತ್ರೆ. ಇದರ ಜೊತೆಗೆ ಡಾಕ್ಸಿಸೈಕ್ಲಿನ್ ಕೂಡ ಬೇಕೇ ಎಂಬ ಪ್ರಶ್ನೆಯನ್ನು 2014ರಲ್ಲಿ ಪ್ರಕಟವಾದ ಥಾಯ್ ಪ್ರಯೋಗ ಬಗೆಹರಿಸಿತು: ಬೇಡ, ಒಂದೇ ಸಾಕು. ಆದರೆ ಮಾಮೂಲಿ ಸೋಂಕಿಗೆ ಕೊಡುವುದಕ್ಕಿಂತ ಹೆಚ್ಚಿನ ಪ್ರಮಾಣ ಬೇಕು, ತೂಕ ನೋಡಿ ನಿರ್ಧರಿಸಬೇಕು. ಮೈಮೇಲೆ ದದ್ದು, ವಾಕರಿಕೆ, ರಕ್ತದಲ್ಲಿ ಪೊಟ್ಯಾಸಿಯಂ ಏರುವುದು, ಕ್ರಿಯಾಟಿನಿನ್ ಏರುವುದು, ರಕ್ತಕಣಗಳು ಇಳಿಯುವುದು ಎಲ್ಲ ಆಗಬಹುದು. ಅದಕ್ಕೇ ಮೊದಲ ವಾರಗಳಲ್ಲಿ ರಕ್ತಪರೀಕ್ಷೆ ತಪ್ಪಿಸುವಂತಿಲ್ಲ. ವಾಕರಿಕೆ ಬಂತೆಂದು ಮಾತ್ರೆ ಬಿಟ್ಟವರಲ್ಲಿ, ಆರಾಮಾಯಿತೆಂದು ಎರಡನೆಯ ತಿಂಗಳಲ್ಲಿ ನಿಲ್ಲಿಸಿದವರಲ್ಲಿ ಕಾಯಿಲೆ ಮರುಕಳಿಸುತ್ತದೆ. ಮರುಕಳಿಕೆಗೆ ಎಲ್ಲಕ್ಕಿಂತ ದೊಡ್ಡ ಕಾರಣ ಅರ್ಧಕ್ಕೆ ಬಿಟ್ಟ ಮಾತ್ರೆಯೇ ಎಂಬುದು ಥಾಯ್ಲೆಂಡಿನ ಅನುಭವ.

ಈ ಬ್ಯಾಕ್ಟೀರಿಯಕ್ಕೆ ಕಾಯುವ ತಾಳ್ಮೆಯೂ ಇದೆ. ಹೆಚ್ಚಿನವರಲ್ಲಿ ಮಣ್ಣು ತಗಲಿದ ಮೂರು ವಾರದೊಳಗೆ ರೋಗ ಕಾಣಿಸಿಕೊಳ್ಳುತ್ತದೆ. ಆದರೆ ಎರಡನೆಯ ಮಹಾಯುದ್ಧದಲ್ಲಿ ಜಪಾನೀಯರ ಸೆರೆಯಲ್ಲಿದ್ದ ಸೈನಿಕರೊಬ್ಬರಿಗೆ 62 ವರ್ಷದ ನಂತರ ಕಾಣಿಸಿಕೊಂಡ ದಾಖಲೆ ಇದೆ. ವಿಯೆಟ್ನಾಂ ಯುದ್ಧದಿಂದ ಮರಳಿದ ಅಮೆರಿಕದ ಸೈನಿಕರ ನಡುವೆ ಇದಕ್ಕೆ ‘ವಿಯೆಟ್ನಾಂ ಟೈಂ ಬಾಂಬ್’ ಎಂಬ ಹೆಸರೇ ಬಿದ್ದಿತ್ತು.

ಅಮೆರಿಕಕ್ಕೆ ಇದರ ನೆನಪು ಮರುಕಳಿಸಿದ್ದು 2021ರಲ್ಲಿ, ಭಾರತದ ಮೂಲಕ. ಜಾರ್ಜಿಯಾ, ಕ್ಯಾನ್ಸಾಸ್, ಮಿನ್ನೆಸೊಟಾ, ಟೆಕ್ಸಾಸ್ ರಾಜ್ಯಗಳಲ್ಲಿ ಒಬ್ಬರಿಗೊಬ್ಬರು ಸಂಬಂಧವೇ ಇಲ್ಲದ, ವಿದೇಶ ಪ್ರವಾಸವನ್ನೂ ಮಾಡಿರದ ನಾಲ್ವರಿಗೆ ಈ ಕಾಯಿಲೆ ಬಂತು. ಇಬ್ಬರು ತೀರಿಕೊಂಡರು. ಬ್ಯಾಕ್ಟೀರಿಯದ ತಳಿ ದಕ್ಷಿಣ ಏಷ್ಯಾದ್ದೆಂದು ಜೀನೋಮ್ ಹೇಳಿತು. ತಿಂಗಳುಗಟ್ಟಲೆ ಹುಡುಕಿದ ಮೇಲೆ, ಅವರಲ್ಲೊಬ್ಬರ ಮನೆಯಲ್ಲಿ ಸಿಕ್ಕ ಲ್ಯಾವೆಂಡರ್ ಪರಿಮಳದ ರೂಂ ಸ್ಪ್ರೇ ಬಾಟಲಿಯಲ್ಲಿ ಅದೇ ಬ್ಯಾಕ್ಟೀರಿಯ ಇತ್ತು. ಬಾಟಲಿ ತಯಾರಾದದ್ದು ಭಾರತದಲ್ಲಿ. ಸುಮಾರು 3,900 ಬಾಟಲಿಗಳನ್ನು ವಾಪಸು ಕರೆಸಿಕೊಂಡರು. ಟೆಕ್ಸಾಸಿನಲ್ಲಿ ಅಂಥ ಬಾಟಲಿಯೊಂದನ್ನು ಒಡೆದ ಸಾಕು ರಕೂನ್ ಕೂಡ ಸತ್ತದ್ದು ತನಿಖೆಯ ಬಾಲಂಗೋಚಿ. ಮರುವರ್ಷ ಮಿಸಿಸಿಪ್ಪಿಯ ಕರಾವಳಿಯ ಮಣ್ಣು, ನೀರಿನಲ್ಲೇ ಬ್ಯಾಕ್ಟೀರಿಯ ಪತ್ತೆಯಾಯಿತು. ಅಲ್ಲೂ ಹುಡುಕಿದ ಮೇಲೆಯೇ.

ಲಸಿಕೆ ಇನ್ನೂ ಇಲ್ಲ. ಹಾಗೆಂದು ಆಟಿ ತಿಂಗಳ ಕೆಸರುಗದ್ದೆಯ ಆಟಗಳನ್ನು ನಿಲ್ಲಿಸಿ ಎಂದು ಹೊರಡುವುದು ಅತಿರೇಕವಾದೀತು. ಕೆಸರಿನಲ್ಲಿ ಓಡುವ ಕಾಲೇಜು ಹುಡುಗರಿಗಿಂತ, ಕಾಲಿನ ಸ್ಪರ್ಶಜ್ಞಾನ ಕಳೆದುಕೊಂಡು ಗಾಯವಾದದ್ದೂ ತಿಳಿಯದೆ ನೇಜಿ ನೆಡುವ ಮಧುಮೇಹಿಯ ಬಗ್ಗೆ ಚಿಂತಿಸಬೇಕಾದದ್ದು ಹೆಚ್ಚು. ಗಂಬೂಟು, ಗ್ಲೌಸು, ಗಾಯವಿದ್ದರೆ ನೀರು ತಾಗದ ಪಟ್ಟಿ, ಬಾವಿ ನೀರಾದರೆ ಕುದಿಸಿ ಕುಡಿಯುವುದು, ಬಿರುಮಳೆಯಲ್ಲಿ ಹೊರಗಿನ ಕೆಲಸಕ್ಕೆ ಬಿಡುವು ಕೊಡುವುದು ತಜ್ಞರು ಹೇಳುವ ಉಪಾಯಗಳು. ಕೆಸರಿನಲ್ಲಿ ಗಂಬೂಟು ಹೂತುಹೋಗಿ ಹೆಜ್ಜೆ ಕೀಳುವುದೇ ಕಷ್ಟವೆಂಬುದು ಗದ್ದೆಗಿಳಿದವರಿಗೆಲ್ಲ ಗೊತ್ತು, ಹಾಗಾಗಿ ಶುಗರನ್ನು ಹಿಡಿತದಲ್ಲಿಡುವುದೇ ಇವೆಲ್ಲಕ್ಕಿಂತ ಕೈಗೆಟಕುವ ಉಪಾಯ.

ಡಾರ್ವಿನ್‌ನಲ್ಲಿ 1989ರಿಂದ ಪ್ರತಿಯೊಂದು ಪ್ರಕರಣವನ್ನೂ ಬರೆದಿಡುತ್ತಿದ್ದಾರೆ. ಬಾರ್ಟ್ ಕರಿ ಎಂಬ ವೈದ್ಯರ ಮುಂದಾಳುತನದಲ್ಲಿ ನಡೆದ ಆ ಅಧ್ಯಯನದ ಮೊದಲ ಐದು ವರ್ಷ ಸಾವಿನ ಪ್ರಮಾಣ ಶೇ. 31 ಇದ್ದದ್ದು, ಮೂವತ್ತು ವರ್ಷ ತುಂಬುವ ಹೊತ್ತಿಗೆ ಶೇ. 6ಕ್ಕೆ ಇಳಿದಿತ್ತು. ಈ ಅವಧಿಯಲ್ಲಿ ಹೊಸ ಪವಾಡದ ಔಷಧವೇನೂ ಬಂದಿರಲಿಲ್ಲ. ಬೇಗ ಸಂಶಯಪಡುವ ವೈದ್ಯರು, ಪ್ಲೇಟು ಎಸೆಯದ ಲ್ಯಾಬು, ಒಳ್ಳೆಯ ಐ.ಸಿ.ಯು. ಹೆಚ್ಚು ಪಾಲು ಕಾರಣ ಇಷ್ಟೇ. ಅಲ್ಲಿ ಈಗ ಡಯಾಲಿಸಿಸ್ ಮಾಡಿಸಿಕೊಳ್ಳುವವರಿಗೆ ಮಳೆಗಾಲದ ತಿಂಗಳುಗಳಲ್ಲಿ, ಪ್ರತಿ ಡಯಾಲಿಸಿಸ್ ಆದ ಮೇಲೆ, ಅದೇ ಅಗ್ಗದ ಕೋ-ಟ್ರೈಮೊಕ್ಸಜೋಲನ್ನು ಕಾಯಿಲೆ ಬರುವ ಮೊದಲೇ ಕೊಡುತ್ತಾರೆ.